ಓದು ತಲೆಗೆ ಹತ್ತದಿದ್ದರೆ ಕಾರಣ ತಲೆಯಲ್ಲೇ ಇರಬೇಕಿಲ್ಲ

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ 12 ವರ್ಷದ ಹುಡುಗನೊಬ್ಬ ತೆಂಗಿನಕಾಯಿ ಮಾರುತ್ತಿದ್ದ. ಒಂದಕ್ಕೆ 35 ಕ್ರುಜೇರೊ. ಗಿರಾಕಿಯೊಬ್ಬರು ಬಂದು ನಾಲ್ಕು ಕಾಯಿ ಕೇಳಿದರು. ಎಷ್ಟಾಯ್ತು? ಹುಡುಗ ಬಾಯಲ್ಲೇ ಲೆಕ್ಕ ಹಾಕಿದ. ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಒಂದು ಕಾಯಿಗೆ 35 ಅಲ್ವಾ, ಅಲ್ಲಿಗೆ 140. ಸರಿಯಾದ ಉತ್ತರ.

ಆಮೇಲೆ ಅದೇ ಹುಡುಗನಿಗೆ ಕಾಗದ, ಪೆನ್ಸಿಲ್ ಕೊಟ್ಟು 35 × 4 ಮಾಡು ಎಂದರು. ಅವನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಮಾಡಿದ. ನಾಲ್ಕೈದಲಿ ಇಪ್ಪತ್ತು, ದಶಕ ಎರಡು. ಎರಡೂ ಮೂರೂ ಐದು, ಐದು ನಾಲ್ಕಲಿ ಇಪ್ಪತ್ತು. ಬರೆದ ಉತ್ತರ 200.

ದಶಕವನ್ನು ಗುಣಿಸಿದ ಮೇಲೆ ಕೂಡಿಸಬೇಕು. ಅವನು ಮೊದಲು ಕೂಡಿಸಿ ಆಮೇಲೆ ಗುಣಿಸಿದ, ಅಷ್ಟೇ ತಪ್ಪು. ಗಿರಾಕಿಯ ಹಾಗೆ ಬಂದು ಕೇಳಿದವರು ಸಂಶೋಧಕರೇ. ತೆರೆಜಿನ್ಯಾ ಕರಾಹರ್ ಮತ್ತು ಸಂಗಡಿಗರು ಹೀಗೆ ಬೀದಿಯಲ್ಲಿ ದುಡಿಯುವ ಐದು ಮಕ್ಕಳನ್ನು ಹತ್ತಿರದಿಂದ ನೋಡಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದಾಗ ಮಕ್ಕಳ ಉತ್ತರ ಶೇ. 98ರಷ್ಟು ಸರಿ. ಅದೇ ಲೆಕ್ಕವನ್ನು ಕಥೆಯ ರೂಪದಲ್ಲಿ ಕೊಟ್ಟಾಗ ಶೇ. 74. ಬರೀ ಅಂಕಿಗಳಾಗಿ ಕೊಟ್ಟಾಗ ಶೇ. 37.

ಐದೇ ಮಕ್ಕಳು, ಚಿಕ್ಕ ಅಧ್ಯಯನ, ನಿಜ. ಆದರೆ ಒಂದು ಮಾತು ಇಲ್ಲಿ ಕಣ್ಣಿಗೆ ಹೊಡೆಯುವಂತಿದೆ. ಆ ಹುಡುಗನನ್ನು ತರಗತಿಯಲ್ಲಿ ಮಾತ್ರ ನೋಡಿದವರು "ಇವನಿಗೆ ಲೆಕ್ಕ ಬರಲ್ಲ" ಎಂದು ಬರೆದುಬಿಡುತ್ತಿದ್ದರು. ಬೀದಿಯಲ್ಲಿ ಮಾತ್ರ ನೋಡಿದವರು "ಲೆಕ್ಕದಲ್ಲಿ ಭಾರೀ ಚುರುಕು" ಎನ್ನುತ್ತಿದ್ದರು. ತಲೆ ಒಂದೇ. ಬದಲಾಗಿದ್ದು ಅದರ ಮುಂದೆ ಲೆಕ್ಕ ಬಂದ ರೀತಿ.

ಮಗು ಕಲಿಯುತ್ತಿಲ್ಲ ಅಂದ ಕೂಡಲೇ ನಾವು ಕಾರಣವನ್ನು ಮಗುವಿನ ಒಳಗೇ ಹುಡುಕುತ್ತೇವೆ. ಬುದ್ಧಿ ಸಾಲದು, ಗಮನ ಇಲ್ಲ, ಸೋಮಾರಿ. ಶೈಕ್ಷಣಿಕ ಮನೋವಿಜ್ಞಾನ ನೂರು ವರ್ಷಕ್ಕೂ ಮೇಲೆ ಮಾಡಿದ ಕೆಲಸವನ್ನು ಓದುತ್ತಾ ಹೋದರೆ, ಈ ಹುಡುಕಾಟದ ದಿಕ್ಕೇ ಬಹಳ ಸಲ ತಪ್ಪು ಅನ್ನಿಸುತ್ತದೆ. ಮಗುವಿನಿಂದ ಮಗುವಿಗೆ ವ್ಯತ್ಯಾಸ ಇಲ್ಲ ಎಂದಲ್ಲ. ಇದೆ. ಆದರೆ ನಾವು ಕೈ ಹಾಕಿ ಬದಲಿಸಬಹುದಾದ ಎಷ್ಟೋ ಸಂಗತಿಗಳು ಮಗುವಿನ ಸುತ್ತ ಇವೆ, ಪಾಠದ ಒಳಗೆ ಇವೆ. ಅವನ್ನು ನೋಡದೆ ಮಗುವಿಗೆ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಮೊದಲೇ ಏನು ಗೊತ್ತಿದೆ?

ಎಲ್ಲಕ್ಕಿಂತ ದೊಡ್ಡ ಅಂಶ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದು: ಮಗುವಿಗೆ ಈ ವಿಷಯದ ಬಗ್ಗೆ ಈಗಾಗಲೇ ಎಷ್ಟು ಗೊತ್ತಿದೆ ಅನ್ನೋದು. ಡೇವಿಡ್ ಆಸುಬೆಲ್ ಎಂಬ ಮನೋವಿಜ್ಞಾನಿ 1968ರಲ್ಲೇ ಇದನ್ನು ಒತ್ತಿ ಹೇಳಿದ್ದರು. ಆಮೇಲೆ ಬಂದ ಪ್ರಯೋಗಗಳು ಅದನ್ನು ಗಟ್ಟಿ ಮಾಡುತ್ತಲೇ ಹೋದವು.

1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದಲ್ಲಿ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಅರ್ಧದಷ್ಟು ಮಕ್ಕಳು ಓದುವುದರಲ್ಲಿ ಮುಂದು, ಉಳಿದವರು ಹಿಂದು. ಎರಡೂ ಕಡೆ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದವರೂ ಇದ್ದರು, ಅಷ್ಟಾಗಿ ಗೊತ್ತಿಲ್ಲದವರೂ ಇದ್ದರು. ಮೇಜಿನ ಮೇಲೆ ಆಟದ ಮೈದಾನದ ಮಾದರಿ, ಅದರ ಮೇಲೆ ಮರದ ಪುಟ್ಟ ಬೊಂಬೆಗಳು. ಓದಿದ್ದನ್ನು ಬೊಂಬೆ ಆಡಿಸಿ ತೋರಿಸಬೇಕು, ಬಾಯಲ್ಲೂ ಹೇಳಬೇಕು.

ಓದುವುದರಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. "ಓದಿದ್ದು ಅರ್ಥ ಆಗಲ್ಲ" ಎಂದು ಪಟ್ಟಿಗೆ ಸೇರಿದ್ದ ಮಕ್ಕಳೇ ಇವರು. ಅಂದರೆ ಅರ್ಥ ಮಾಡಿಕೊಳ್ಳುವುದು ಎಲ್ಲ ಪಾಠಕ್ಕೂ ಒಂದೇ ಸಮ ಹೊಂದುವ ಕೌಶಲ ಅಲ್ಲ. ವಿಷಯ ಗೊತ್ತಿದ್ದರೆ ಬರಹ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ಪದಗಳನ್ನೆಲ್ಲ ಸರಿಯಾಗಿ ಓದಿದರೂ ಒಳಗೆ ಏನೂ ಉಳಿಯುವುದಿಲ್ಲ.

ನೆನಪಿನ ಶಕ್ತಿಯ ಕಥೆಯೂ ಹೀಗೇ. ಮಿಷೆಲಿನ್ ಚಿ 1978ರಲ್ಲಿ ಚದುರಂಗ ಬಲ್ಲ ಮಕ್ಕಳನ್ನೂ, ಆಟ ಅಷ್ಟಾಗಿ ಬಾರದ ದೊಡ್ಡವರನ್ನೂ ಒಟ್ಟಿಗೆ ಪರೀಕ್ಷಿಸಿದರು. ಆಟದ ನಡುವಿನ ಒಂದು ಹಾಸನ್ನು ಸ್ವಲ್ಪ ಹೊತ್ತು ತೋರಿಸಿ ಮುಚ್ಚಿದರು. ಯಾವ ಕಾಯಿ ಎಲ್ಲಿತ್ತು? ಮಕ್ಕಳೇ ಗೆದ್ದರು. ಅದೇ ಜನರಿಗೆ ಅಂಕಿಗಳ ಸಾಲು ಹೇಳಿ ನೆನಪಿಡಿ ಎಂದಾಗ ದೊಡ್ಡವರು ಗೆದ್ದರು. ಹಾಗಾದರೆ ಯಾರಿಗೆ ನೆನಪಿನ ಶಕ್ತಿ ಜಾಸ್ತಿ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಮಕ್ಕಳು ಒಂದೊಂದು ಕಾಯಿಯನ್ನು ಬಿಡಿಬಿಡಿಯಾಗಿ ನೆನಪಿಡುತ್ತಿರಲಿಲ್ಲ. ಗುಂಪು ಗುಂಪಾಗಿ, ಅರ್ಥ ಇರುವ ಜೋಡಣೆಯಾಗಿ ನೋಡುತ್ತಿದ್ದರು.

ಇದರಿಂದ ಒಂದು ಕಹಿ ಸತ್ಯವೂ ಹೊರಡುತ್ತದೆ. ಗೊತ್ತಿರುವವರಿಗೆ ಇನ್ನಷ್ಟು ಬೇಗ ಗೊತ್ತಾಗುತ್ತದೆ, ಗೊತ್ತಿಲ್ಲದವರು ಹಿಂದೆ ಬೀಳುತ್ತಾ ಹೋಗುತ್ತಾರೆ. ಭಿನ್ನರಾಶಿ ಅರ್ಥವಾಗದ ಮಗುವಿಗೆ ಬೀಜಗಣಿತವೂ ಒಗ್ಗುವುದಿಲ್ಲ. ಆಗ ನಾವು ಬೀಜಗಣಿತವನ್ನೇ ಮತ್ತೆ ಮತ್ತೆ ಹೇಳಿಕೊಡುತ್ತೇವೆ. ಬಿಟ್ಟುಹೋದ ಮೆಟ್ಟಿಲು ಎರಡು ವರ್ಷ ಹಿಂದಿನದು ಎಂದು ಹೊಳೆಯುವುದೇ ಇಲ್ಲ.

ಒಂದು ಸಲಕ್ಕೆ ಎಷ್ಟು?

ಈಗ ಗೊತ್ತಿಲ್ಲದ ಮಗುವಿನ ಕಡೆ ನೋಡೋಣ. ಹೊಸ ವಿಷಯ ಬಂದಾಗ ಅದನ್ನು ಆ ಕ್ಷಣಕ್ಕೆ ಹಿಡಿದಿಟ್ಟುಕೊಂಡು ಆಡಿಸುವ ಮನಸ್ಸಿನ ಭಾಗಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದು ಅಂಗೈ ಇದ್ದ ಹಾಗೆ. ಹಿಡಿಸುವುದು ಸ್ವಲ್ಪವೇ, ಜಾಸ್ತಿ ಸುರಿದರೆ ಚೆಲ್ಲುತ್ತದೆ. ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಮಿತಿ ಏಳು ಸಂಗತಿಗಳ ಆಸುಪಾಸು ಎಂದಿದ್ದರು. ನೆಲ್ಸನ್ ಕೋವನ್ 2001ರಲ್ಲಿ, ಗುಂಪು ಮಾಡಿಕೊಳ್ಳಲು ಅವಕಾಶ ಇಲ್ಲದಿದ್ದರೆ ಅದು ನಾಲ್ಕರ ಹತ್ತಿರ ಎಂದು ತೋರಿಸಿದರು. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ಇನ್ನೂ ಕಡಿಮೆ.

"ಪುಸ್ತಕ ಮುಚ್ಚಿ, ನೋಟ್‌ಬುಕ್ ತೆಗೀರಿ, ನಿನ್ನೆ ಬರೆದ ಪುಟದ ಕೆಳಗೆ ತಾರೀಕು ಹಾಕಿ, ಮೂರನೇ ಪ್ರಶ್ನೆಯಿಂದ ಶುರು ಮಾಡಿ." ಟೀಚರ್ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೆಲವು ಮಕ್ಕಳು ನೋಟ್‌ಬುಕ್ ತೆಗೆದು ಸುಮ್ನೆ ಕೂತಿರುತ್ತಾರೆ, ಪಕ್ಕದವರ ಪುಟ ನೋಡುತ್ತಿರುತ್ತಾರೆ. ನೋಡುವವರ ಕಣ್ಣಿಗೆ ಅದು ಗಮನ ಇಲ್ಲದ್ದು, ಅಸಡ್ಡೆ. ಬಹಳ ಸಲ ನಡೆದದ್ದು ಬೇರೆ. ಎರಡನೇ ಮಾತು ಪಾಲಿಸುವಾಗ ಮೂರನೆಯದು, ನಾಲ್ಕನೆಯದು ಜಾರಿಹೋಗಿವೆ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಈ ಮಿತಿಯನ್ನೇ ಇಟ್ಟುಕೊಂಡು ಪಾಠ ಹೇಗಿರಬೇಕು ಎಂದು ಯೋಚಿಸಿದರು. ಅವರ ಗುಂಪು 1980ರ ದಶಕದಲ್ಲಿ ಬೀಜಗಣಿತದ ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ಸಂಗತಿ ಹೊರಬಿತ್ತು. ಹೊಸಬರಿಗೆ ಲೆಕ್ಕದ ಮೇಲೆ ಲೆಕ್ಕ ಕೊಟ್ಟು "ನೀವೇ ಬಿಡಿಸಿ" ಎನ್ನುವುದಕ್ಕಿಂತ, ಹಂತ ಹಂತವಾಗಿ ಬಿಡಿಸಿಟ್ಟ ಒಂದು ಲೆಕ್ಕವನ್ನು ನೋಡಲು ಕೊಟ್ಟು, ಅದರ ಬೆನ್ನಿಗೇ ಅಂಥದ್ದೇ ಒಂದನ್ನು ಮಾಡಿಸಿದರೆ ಕಲಿಕೆ ಬೇಗ, ತಪ್ಪೂ ಕಡಿಮೆ. ಯಾಕೆ? ಉತ್ತರ ಹುಡುಕುವ ಗಡಿಬಿಡಿಯಲ್ಲಿ ಅಂಗೈ ತುಂಬಿಹೋಗಿರುತ್ತದೆ. ಲೆಕ್ಕದ ಒಳಗಿನ ವರಸೆ ಗಮನಿಸಲು ಜಾಗವೇ ಉಳಿದಿರುವುದಿಲ್ಲ.

ಇದಕ್ಕೊಂದು ಮಿತಿಯಿದೆ. ಮಗು ವಿಷಯದಲ್ಲಿ ಪಳಗುತ್ತಾ ಹೋದಂತೆ ಬಿಡಿಸಿದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಅಡ್ಡವೂ ಆಗುತ್ತದೆ. ಆಗ ಕೈ ಬಿಡಬೇಕು. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನೋದೇ ಕಲಿಸುವವರ ನಿಜವಾದ ಕೈಚಳಕ. ಯಾವ ಸಂಶೋಧನೆಯೂ ಅದನ್ನು ಸೂತ್ರ ಮಾಡಿ ಕೊಡಲಾರದು.

ಮತ್ತೆ ಓದುವುದೋ, ಪುಸ್ತಕ ಮುಚ್ಚುವುದೋ?

ಅರ್ಥ ಆಯ್ತು ಎಂದುಕೊಳ್ಳೋಣ. ಉಳಿಯುವುದು ಹೇಗೆ? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ಬಾಯಿಪಾಠ ಮಾಡಿ, ಮರೆವು ಹೇಗೆ ನಡೆಯುತ್ತದೆ ಎಂದು 1885ರಲ್ಲೇ ಬರೆದಿಟ್ಟರು. ಮರೆಯುವುದು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನ. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ಓದಿದರೆ ಗಟ್ಟಿ ಎಂದೂ ಅವರೇ ತೋರಿಸಿದರು.

ಇದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅವರ 2006ರ ಪ್ರಯೋಗ. ಕಾಲೇಜು ವಿದ್ಯಾರ್ಥಿಗಳು ಒಂದು ಪುಟ್ಟ ಪಾಠ ಓದಿದರು. ಆಮೇಲೆ ಒಂದು ಗುಂಪು ಅದನ್ನೇ ಮತ್ತೊಮ್ಮೆ ಓದಿತು. ಇನ್ನೊಂದು ಗುಂಪು ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಮತ್ತೆ ಓದಿದವರದೇ ಮೇಲುಗೈ: ಶೇ. 81, ಬರೆದವರು ಶೇ. 75. ಒಂದು ವಾರ ಬಿಟ್ಟು ಮಾಡಿದರೆ ಪೂರ್ತಿ ತಿರುವುಮುರುವು. ಮತ್ತೆ ಓದಿದವರಿಗೆ ಶೇ. 42 ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 56.

ಇನ್ನೊಂದು ಸುತ್ತಿನಲ್ಲಿ ವಿದ್ಯಾರ್ಥಿಗಳನ್ನು "ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತೆ?" ಎಂದು ಕೇಳಿದರು. ಬರೀ ಓದಿದವರೇ ಜಾಸ್ತಿ ಧೈರ್ಯದಿಂದಿದ್ದರು. ಅವರೇ ಕಡಿಮೆ ನೆನಪಿಟ್ಟುಕೊಂಡಿದ್ದರು. ಇದು ಪ್ರತಿ ಪರೀಕ್ಷೆಯ ಮುಂಚೆ ಪ್ರತಿ ಮನೆಯಲ್ಲಿ ನಡೆಯುವ ಮೋಸ. ಎರಡನೇ ಸಲ ಓದಿದಾಗ ಸಾಲುಗಳು ಪರಿಚಯದವು ಅನ್ನಿಸುತ್ತವೆ. ಪರಿಚಯವನ್ನೇ ನಾವು ಕಲಿಕೆ ಎಂದುಕೊಳ್ಳುತ್ತೇವೆ. ಪುಸ್ತಕ ಮುಚ್ಚಿ ಹೇಳಲು ಹೊರಟಾಗ ತಡವರಿಸುತ್ತದೆ, ಕಷ್ಟ ಆಗುತ್ತದೆ, "ನಂಗೆ ಬರಲ್ಲ" ಅನ್ನಿಸುತ್ತದೆ. ಆ ತಡವರಿಕೆಯೇ ನೆನಪನ್ನು ಗಟ್ಟಿ ಮಾಡುವ ಕೆಲಸ.

ಲೆಕ್ಕದಲ್ಲೂ ಇದೇ ಥರದ ಮೋಸ ಇದೆ. ಡಗ್ ರೋರರ್ ಮತ್ತು ಸಂಗಡಿಗರು 2015ರಲ್ಲಿ 7ನೇ ತರಗತಿಯ ಮಕ್ಕಳ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡಿದರು. ಒಂದು ಬಗೆಯ ಅಭ್ಯಾಸದಲ್ಲಿ ಒಂದೇ ಜಾತಿಯ ಲೆಕ್ಕಗಳು ಸಾಲಾಗಿ ಬರುತ್ತವೆ, ನಮ್ಮ ಪಠ್ಯಪುಸ್ತಕಗಳಲ್ಲಿ ಇರುವ ಹಾಗೆ. ಇನ್ನೊಂದರಲ್ಲಿ ಬೇರೆ ಬೇರೆ ಜಾತಿಯವು ಬೆರೆತು ಬರುತ್ತವೆ. ಒಂದು ತಿಂಗಳ ನಂತರ ಹೇಳದೇ ಕೊಟ್ಟ ಪರೀಕ್ಷೆಯಲ್ಲಿ ಬೆರೆಸಿ ಅಭ್ಯಾಸ ಮಾಡಿದ ಲೆಕ್ಕಗಳಲ್ಲಿ ಶೇ. 74 ಸರಿ, ಸಾಲಾಗಿ ಮಾಡಿದವುಗಳಲ್ಲಿ ಶೇ. 42. ಕಾರಣ ಸರಳ. ಹತ್ತೂ ಲೆಕ್ಕ ಒಂದೇ ಸೂತ್ರದವು ಎಂದು ಗೊತ್ತಿದ್ದರೆ, ಯಾವ ಸೂತ್ರ ಹಾಕಬೇಕು ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಅದೇ ಯೋಚನೆ.

ಗೆರೆ ಎಳೆದು ಓದುವುದು, ಬಣ್ಣ ಹಚ್ಚುವುದು, ಮತ್ತೆ ಮತ್ತೆ ಓದುವುದು: 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತಿತರರು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗ ಇವೆಲ್ಲ ಕೆಳಗಿನ ಸಾಲಿಗೆ ಬಿದ್ದವು. ಮೇಲಿನ ಸಾಲಿನಲ್ಲಿ ನಿಂತದ್ದು ಎರಡೇ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ದಿನಗಳ ಅಂತರ ಬಿಟ್ಟು ಓದುವುದು. ಎರಡಕ್ಕೂ ದುಡ್ಡು ಬೇಡ, ಹೊಸ ಉಪಕರಣ ಬೇಡ. ಇಷ್ಟಾದರೂ ಇವನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರದ ಸಂಗತಿ.

ಭಯ ತಿನ್ನುವ ಜಾಗ

ಅಂಗೈಯಷ್ಟು ಜಾಗ ಎಂದೆನಲ್ಲ, ಅದನ್ನು ಭಯವೂ ತಿನ್ನುತ್ತದೆ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದ್ದು ಇದನ್ನೇ. ಲೆಕ್ಕದ ಭಯ ಜಾಸ್ತಿ ಇದ್ದವರು ದಶಕ ಹಿಡಿದುಕೊಳ್ಳಬೇಕಾದಂಥ ಕೂಡುವ ಲೆಕ್ಕಗಳಲ್ಲಿ ಹೆಚ್ಚು ಎಡವಿದರು. "ತಪ್ಪಾದರೆ ಏನು ಗತಿ" ಅನ್ನೋ ಯೋಚನೆ ದಶಕ ಇರಬೇಕಾದ ಜಾಗದಲ್ಲಿ ಕೂತಿರುತ್ತದೆ. ಪರೀಕ್ಷೆ ಮುಗಿದು ಮನೆಗೆ ಬಂದ ಮೇಲೆ ಮಗು ಅದೇ ಲೆಕ್ಕವನ್ನು ಸಲೀಸಾಗಿ ಮಾಡಿದರೆ ಆಶ್ಚರ್ಯಪಡಬೇಕಿಲ್ಲ. "ಆಗ ಯಾಕೆ ಮಾಡಲಿಲ್ಲ?" ಎಂದು ಬೈದರೆ ಮುಂದಿನ ಪರೀಕ್ಷೆಯ ಭಯಕ್ಕೆ ಇನ್ನಷ್ಟು ಸೇರುತ್ತದೆ ಅಷ್ಟೇ.

ಈ ಭಯ ದೊಡ್ಡವರಿಂದ ಮಕ್ಕಳಿಗೆ ಅಂಟುತ್ತದೆ. 2015ರ ಒಂದು ಅಧ್ಯಯನದಲ್ಲಿ ಎರಿನ್ ಮಲೋನಿ, ಸಿಯಾನ್ ಬೀಲಾಕ್ ಮತ್ತಿತರರು 1 ಮತ್ತು 2ನೇ ತರಗತಿಯ ಮಕ್ಕಳನ್ನು ವರ್ಷವಿಡೀ ಗಮನಿಸಿದರು. ಲೆಕ್ಕವೆಂದರೆ ಹೆದರುವ ಅಪ್ಪ ಅಮ್ಮಂದಿರ ಮಕ್ಕಳು ಲೆಕ್ಕವನ್ನು ಕಡಿಮೆ ಕಲಿತಿದ್ದರು, ಅವರ ಭಯವೂ ಬೆಳೆದಿತ್ತು. ಆದರೆ ಎಲ್ಲರಲ್ಲೂ ಅಲ್ಲ. ಆ ಅಪ್ಪ ಅಮ್ಮ ಮನೆಗೆಲಸದಲ್ಲಿ ಪದೇ ಪದೇ ಸಹಾಯಕ್ಕೆ ಕೂರುತ್ತಿದ್ದರೆ ಮಾತ್ರ. ಪ್ರೀತಿಯಿಂದಲೇ ಪಕ್ಕದಲ್ಲಿ ಕೂತವರು ಗೊತ್ತಿಲ್ಲದೆ ಹೆದರಿಕೆಯನ್ನೂ ಕಲಿಸುತ್ತಿದ್ದರು. ಇದನ್ನು ಓದಿ ಸಹಾಯ ನಿಲ್ಲಿಸಬೇಕಿಲ್ಲ. "ನಂಗೂ ಲೆಕ್ಕ ಅಂದ್ರೆ ಆಗ್ತಿರಲಿಲ್ಲ, ನಿಂಗೂ ಹಾಗೇ" ಅನ್ನೋ ಮಾತೊಂದನ್ನು ನಿಲ್ಲಿಸಿದರೆ ಒಳ್ಳೆಯದು.

ಕಾಯದ ಮಗುವಿಗೆ ತಾಳ್ಮೆ ಇಲ್ಲವೇ?

ಸಂಯಮದ ಬಗ್ಗೆ ಒಂದು ಹೆಸರಾದ ಪ್ರಯೋಗ ಇದೆ. ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆಗೆ ಶುರು ಮಾಡಿದ್ದು. ಮಗುವಿನ ಮುಂದೆ ಒಂದು ಸಿಹಿ ತಿನಿಸು. ಈಗಲೇ ತಿಂದರೆ ಒಂದೇ, ನಾನು ಬರುವ ತನಕ ಕಾದರೆ ಎರಡು. ಜಾಸ್ತಿ ಹೊತ್ತು ಕಾದ ಮಕ್ಕಳು ಬೆಳೆದ ಮೇಲೆ ಓದಿನಲ್ಲಿ ಮುಂದಿದ್ದರು ಎಂಬ ಫಲಿತಾಂಶ ಲೋಕವೆಲ್ಲ ಹರಡಿತು. ಸಂಯಮ ಕಲಿಸಿ, ಮಗು ಉದ್ಧಾರ ಆಗುತ್ತದೆ ಎಂದು ಜನ ಅರ್ಥ ಮಾಡಿಕೊಂಡರು.

2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇದಕ್ಕೆ ಒಂದು ಪುಟ್ಟ ಪೀಠಿಕೆ ಸೇರಿಸಿದರು. 28 ಮಕ್ಕಳು, ಎಲ್ಲರೂ ಎಳೆಯರು. ಚಿತ್ರ ಬಿಡಿಸಲು ಕೂತ ಮಗುವಿಗೆ ಹಳೆಯ ಬಳಪಗಳ ಡಬ್ಬಿ ಕೊಟ್ಟು, "ಸ್ವಲ್ಪ ಕಾಯಿ, ಒಳ್ಳೆಯ ಬಳಪ ತರ್ತೀನಿ" ಎಂದು ಹೇಳಿ ಹೊರಗೆ ಹೋದರು. ಅರ್ಧದಷ್ಟು ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಉಳಿದವರ ಬಳಿ ಬರಿಗೈಯಲ್ಲಿ ಬಂದು "ಇಲ್ಲವಂತೆ" ಎಂದರು. ಆಮೇಲೆ ಸಿಹಿ ತಿನಿಸಿನ ಪ್ರಯೋಗ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಮೂರು ನಿಮಿಷ.

ಮೂರು ನಿಮಿಷಕ್ಕೆ ತಿಂದ ಮಗುವಿಗೆ ಸಂಯಮ ಇಲ್ಲ ಎನ್ನೋಣವೇ? ಅದು ಸರಿಯಾಗಿಯೇ ಲೆಕ್ಕ ಹಾಕಿದೆ. ಹೇಳಿದ್ದು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಯಾಕೆ ಕಾಯಬೇಕು? 2018ರಲ್ಲಿ ಟೈಲರ್ ವಾಟ್ಸ್ ಮತ್ತಿತರರು ಇನ್ನೂ ಹೆಚ್ಚು ಮಕ್ಕಳಿದ್ದ ಗುಂಪಿನ ಮೇಲೆ ಹಳೆಯ ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಮನೆಯ ಸ್ಥಿತಿಗತಿ, ಮಗುವಿನ ಮೊದಲಿನ ಸಾಮರ್ಥ್ಯ ಎಲ್ಲವನ್ನೂ ಗಣನೆಗೆ ತೆಗೆದುಕೊಂಡಾಗ, ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ಬಹುಪಾಲು ಕರಗಿಹೋಯಿತು. ಓದು ಅಂದರೆ ಮುಂದೆ ಸಿಗುವ ಒಳ್ಳೆಯದಕ್ಕಾಗಿ ಇಂದು ಕಾಯುವುದೇ ಅಲ್ವಾ? ಕೊಟ್ಟ ಮಾತು ನಡೆಯುವ ಮನೆ, ನಡೆಯುವ ಶಾಲೆ ಇದ್ದರೆ ಕಾಯುವುದಕ್ಕೂ ಅರ್ಥ ಇರುತ್ತದೆ.

ಹೊಗಳಿಕೆ, ಅಂಕ, ಬಹುಮಾನ

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ 5ನೇ ತರಗತಿಯ ಮಕ್ಕಳಿಗೆ ಸುಲಭದ ಒಗಟು ಕೊಟ್ಟು, ಕೆಲವರಿಗೆ "ನೀನು ತುಂಬಾ ಜಾಣ" ಎಂದರು, ಕೆಲವರಿಗೆ "ತುಂಬಾ ಶ್ರಮ ಹಾಕಿದೀಯ" ಎಂದರು. ಕಷ್ಟದ ಒಗಟು ಎದುರಾಗಿ ಸೋತ ಮೇಲೆ ಜಾಣ ಎನ್ನಿಸಿಕೊಂಡವರು ಬೇಗ ಕೈಚೆಲ್ಲಿದರು. ಆಮೇಲೆ ಸುಲಭದ್ದು ಕೊಟ್ಟರೂ ಮೊದಲಿಗಿಂತ ಕೆಳಗಿಳಿದರು. ತಮಗೆ ಬಂದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಆ ಗುಂಪಿನಲ್ಲೇ ಜಾಸ್ತಿ.

ಇದರ ಮೇಲೆ ದೊಡ್ಡ ಅಲೆಯೇ ಎದ್ದಿತು. "ಬುದ್ಧಿ ಬೆಳೆಯುತ್ತದೆ" ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು ಅನ್ನುವಷ್ಟು. 2019ರಲ್ಲಿ ಡೇವಿಡ್ ಯೇಗರ್ ಮತ್ತಿತರರು ಅಮೆರಿಕದ ಸುಮಾರು 12,000 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗಂಟೆಗೂ ಕಡಿಮೆ ಹೊತ್ತಿನ ಪಾಠ. ಹಿಂದಿದ್ದ ಮಕ್ಕಳ ಅಂಕದ ಸರಾಸರಿ ನಾಲ್ಕರ ಅಳತೆಯಲ್ಲಿ 0.1ರಷ್ಟು ಏರಿತು. ಪರಿಣಾಮ ನಿಜ, ಆದರೆ ಸಣ್ಣದು. ಕಷ್ಟದ್ದಕ್ಕೆ ಕೈ ಹಾಕುವುದನ್ನು ಸಹಪಾಠಿಗಳೂ ಮೆಚ್ಚುವ ಶಾಲೆಗಳಲ್ಲಿ ಜಾಸ್ತಿ ಕಂಡಿತು. ಒಂದು ಗಂಟೆಗೆ ಇಷ್ಟು ಸಿಕ್ಕರೆ ಕಡಿಮೆಯೇನಲ್ಲ. ಆದರೆ ಇದನ್ನು ಮಂತ್ರ ಮಾಡಿಕೊಂಡು, ಅರ್ಥವಾಗದ ಪಾಠದ ಮುಂದೆ ಮಗುವನ್ನು ಕೂರಿಸಿ "ಶ್ರಮ ಹಾಕು" ಎಂದರೆ ಅದೂ ಒಂದು ಕ್ರೌರ್ಯವೇ.

ಅಂಕದ ವಿಷಯಕ್ಕೆ ಬಂದರೆ ರೂತ್ ಬಟ್ಲರ್ 1988ರಲ್ಲಿ ಮಾಡಿದ ಕೆಲಸ ಎಲ್ಲ ಶಿಕ್ಷಕರೂ ತಿಳಿಯಬೇಕಾದದ್ದು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಅವರ ಕೆಲಸದ ಬಗ್ಗೆ ಒಂದು ಮಾತು ಬರೆದುಕೊಟ್ಟರು, ಕೆಲವರಿಗೆ ಎರಡೂ. ಮಾತು ಮಾತ್ರ ಸಿಕ್ಕವರ ಆಸಕ್ತಿ ಉಳಿಯಿತು, ಕೆಲಸ ಸುಧಾರಿಸಿತು. ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರ ಥರವೇ ಆದರು. ಅಂಕ ಕಂಡ ಮೇಲೆ ಪಕ್ಕದಲ್ಲಿ ಬರೆದದ್ದರ ಕಡೆ ಮಕ್ಕಳ ಮನಸ್ಸು ಹೋಗುವುದಿಲ್ಲ.

ಬಹುಮಾನದ ಆಸೆ ತೋರಿಸುವುದೂ ಎಚ್ಚರದ ಕೆಲಸ. ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟಾಣಿಗಳಿಗೆ "ಬಿಡಿಸಿದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿ ಕೊಟ್ಟಾಗ, ಕೆಲವು ದಿನಗಳ ನಂತರ ಅವರು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಮಾರ್ಕ್ ಲೆಪ್ಪರ್ ಮತ್ತಿತರರು 1973ರಲ್ಲಿ ಕಂಡದ್ದು. ಹೇಳದೆ ಕೊಟ್ಟಾಗ ಹಾಗೆ ಆಗಲಿಲ್ಲ.

ಕೋಣೆ, ಸದ್ದು, ನಿದ್ದೆ

ನ್ಯೂಯಾರ್ಕಿನ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ಕಂಬಗಳ ಮೇಲೆ ರೈಲು ಹಾದುಹೋಗುತ್ತಿತ್ತು. ಕೆಲವೇ ನಿಮಿಷಕ್ಕೊಂದು ರೈಲು. ಬಂದಾಗಲೆಲ್ಲ ಆ ಬದಿಯ ಕೋಣೆಗಳಲ್ಲಿ ಪಾಠ ನಿಲ್ಲಬೇಕು. ಅರ್ಲೈನ್ ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ತಿ 1975ರಲ್ಲಿ ಎರಡೂ ಬದಿಯ ಮಕ್ಕಳ ಓದಿನ ಮಟ್ಟವನ್ನು ಹೋಲಿಸಿದರು. ಶಾಲೆ ಒಂದೇ, ಕೋಣೆಗಳು ಬೇರೆ. ರೈಲಿನ ಬದಿಯ ಮಕ್ಕಳು ಹಿಂದಿದ್ದರು. ಮೇಲಿನ ತರಗತಿಗಳಲ್ಲಿ ಈ ಅಂತರ ಒಂದು ವರ್ಷದ ಹತ್ತಿರ ಹೋಗಿತ್ತು. ಆಮೇಲೆ ಹಳಿಗಳಿಗೆ ರಬ್ಬರ್ ಹಾಕಿದರು, ಆ ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿದರು. 1981ರಲ್ಲಿ ಬ್ರಾನ್ಜಾಫ್ಟ್ ಮತ್ತೆ ಅಳೆದಾಗ ಎರಡೂ ಬದಿಯ ಮಕ್ಕಳು ಸಮ ಇದ್ದರು.

ಮ್ಯೂನಿಕ್‌ನಲ್ಲೂ ಹೀಗೇ ಆಯಿತು. 1992ರಲ್ಲಿ ವಿಮಾನ ನಿಲ್ದಾಣ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಹೋದಾಗ, ಹೊಸ ನಿಲ್ದಾಣದ ಹತ್ತಿರದ ಮಕ್ಕಳ ಓದು ಮತ್ತು ನೆನಪು ಕುಗ್ಗಿತು, ಹಳೆಯದರ ಹತ್ತಿರದವರದು ಸುಧಾರಿಸಿತು.

ಗೋಡೆಯ ತುಂಬಾ ಬಣ್ಣಬಣ್ಣದ ಚಾರ್ಟು ಅಂಟಿಸುವುದೂ ಯೋಚಿಸಬೇಕಾದದ್ದೇ. 2014ರಲ್ಲಿ ಅನ್ನಾ ಫಿಷರ್ ಮತ್ತಿತರರು 24 ಪುಟ್ಟ ಮಕ್ಕಳಿಗೆ ಸಿಂಗರಿಸಿದ ಕೋಣೆಯಲ್ಲಿ ಕೆಲವು ಪಾಠ, ಖಾಲಿ ಗೋಡೆಯ ಕೋಣೆಯಲ್ಲಿ ಕೆಲವು ಪಾಠ ಮಾಡಿದರು. ಖಾಲಿ ಗೋಡೆಯಲ್ಲಿ ಕಲಿತದ್ದರಲ್ಲಿ ಶೇ. 55 ಸರಿ ಉತ್ತರ, ಸಿಂಗರಿಸಿದಲ್ಲಿ ಶೇ. 42.

ನಿದ್ದೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅವಿ ಸಾದೆ ಮತ್ತಿತರರು 2003ರಲ್ಲಿ 4 ಮತ್ತು 6ನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಮೂರು ರಾತ್ರಿ ಒಂದು ಗಂಟೆ ಜಾಸ್ತಿ, ಕೆಲವರಿಗೆ ಒಂದು ಗಂಟೆ ಕಡಿಮೆ ಮಲಗಲು ಹೇಳಿದರು. ಮೂರೇ ರಾತ್ರಿಗೆ ಗಮನದ ಪರೀಕ್ಷೆಗಳಲ್ಲಿ ಅಂತರ ಕಂಡಿತು. ಬೆಳಗಿನ ಜಾವ ಎಬ್ಬಿಸಿ ಓದಿಸುವ ಮುಂಚೆ ರಾತ್ರಿ ಎಷ್ಟಕ್ಕೆ ಮಲಗಿತು ಎಂದು ಕೇಳಿಕೊಳ್ಳಬೇಕು.

ಒಂದು ನಂಬಿಕೆಯನ್ನು ಇಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕ ಹಾಗೆ ಕಲಿಸಬೇಕು ಎಂಬುದು. ಹೆರಾಲ್ಡ್ ಪ್ಯಾಶ್ಲರ್ ಮತ್ತಿತರರು 2008ರಲ್ಲಿ ಇದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರೂ ಇದಕ್ಕೆ ತಕ್ಕ ಪುರಾವೆ ಸಿಗಲಿಲ್ಲ. ನಕ್ಷೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಶೈಲಿ ನಿರ್ಧಾರ ಆಗುವುದು ವಿಷಯದಿಂದ.

ಶಾಲೆಗೆ ಬರುವ ಮುಂಚೆ

ಇದೆಲ್ಲ ಶಾಲೆ ಶುರುವಾದ ಮೇಲಿನ ಮಾತು. ಅದಕ್ಕೂ ಮೊದಲೇ ಬಹಳಷ್ಟು ನಡೆದಿರುತ್ತದೆ. ಜಮೈಕಾದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು, ಸರಿಯಾದ ಆಹಾರವಿಲ್ಲದೆ ಬೆಳವಣಿಗೆ ಕುಂಠಿತವಾಗಿದ್ದ 129 ಕೂಸುಗಳನ್ನು ಆರಿಸಿಕೊಂಡರು. ಎಲ್ಲವೂ 9ರಿಂದ 24 ತಿಂಗಳಿನವು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಬಂದು, ಒಂದು ಗಂಟೆ ಕೂತು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಮಕ್ಕಳು 22 ವರ್ಷದವರಾದಾಗ ಮತ್ತೆ ಹುಡುಕಿಕೊಂಡು ಹೋಗಿ ನೋಡಿದರೆ, ಆ ಭೇಟಿಗಳು ಸಿಕ್ಕವರ ದುಡಿಮೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಪೌಷ್ಟಿಕ ಆಹಾರವನ್ನಷ್ಟೇ ಕೊಟ್ಟ ಗುಂಪಿನಲ್ಲಿ ಇಂಥ ದೀರ್ಘಕಾಲದ ಲಾಭ ಕಾಣಲಿಲ್ಲ. ಆಹಾರ ಬೇಡ ಎಂದಲ್ಲ. ಮಾತು, ಆಟ ಕೂಡ ಅಷ್ಟೇ ಬೇಕು.

ಹಿಂದೆ ಬಿದ್ದ ಮಗು ಎದುರಿಗಿದ್ದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ನಾನು ತೀರಾ ಸಾಮಾನ್ಯ ಸಂಗತಿಯಿಂದ ಶುರು ಮಾಡುತ್ತೇನೆ. ಬೋರ್ಡು ಕಾಣಿಸುತ್ತಾ? ಹೇಳಿದ್ದು ಕೇಳಿಸುತ್ತಾ? ಆಮೇಲೆ ನಿದ್ದೆ. ಆಮೇಲೆ ಯಾವ ಮೆಟ್ಟಿಲು ಬಿಟ್ಟುಹೋಗಿದೆ ಎಂಬ ಹುಡುಕಾಟ. ಪಶ್ಚಿಮ ಚೀನಾದ ಹಳ್ಳಿಗಾಡಿನ ಶಾಲೆಗಳಲ್ಲಿ, ದೂರದ್ದು ಸರಿಯಾಗಿ ಕಾಣದ 4 ಮತ್ತು 5ನೇ ತರಗತಿಯ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ಕನ್ನಡಕವನ್ನು ಪುಕ್ಕಟೆ ಕೊಟ್ಟರು. ಕೊಟ್ಟರೂ ಎಷ್ಟೋ ಮಕ್ಕಳು ಹಾಕಿಕೊಳ್ಳಲೇ ಇಲ್ಲ. ಹಾಗಿದ್ದೂ ವರ್ಷದ ಕೊನೆಗೆ ಆ ಶಾಲೆಗಳ ಮಕ್ಕಳ ಲೆಕ್ಕದ ಅಂಕ ಉಳಿದವರಿಗಿಂತ ಮೇಲಿತ್ತು.